ಕೊನೆಯಲ್ಲಿ ಬರೀ ಗೋಡೆ

ಟಕ್ ಎಂದಿತು. ಅಷ್ಟೇ.

ನಿದ್ದೆಯಲ್ಲಿರುವವರಿಗೆ ಕೇಳಿಸುವಷ್ಟು ದೊಡ್ಡ ಸದ್ದಲ್ಲ. ಆದರೆ ನಾನು ದೀಪ ಆರಿಸಿದ ಮೇಲೆ ಮನೆಯ ಸದ್ದುಗಳನ್ನೆಲ್ಲ ಹಾಜರಿ ಕೂಗಿದ ಹಾಗೆ ಒಂದೊಂದಾಗಿ ಕೂಗಿಕೊಂಡು ಮಲಗುವವಳು. ಫ್ರಿಜ್ ನಡುಗಿ ಸುಮ್ಮನಾಗುವುದು, ಬಚ್ಚಲಿನ ನಲ್ಲಿ ತೊಟ್ಟಿಕ್ಕುವುದು, ಪಕ್ಕದಲ್ಲಿ ಗಂಡನ ಗೊರಕೆ ಏರಿ ಇಳಿಯುವುದು. ಎಲ್ಲವೂ ಅದರದರ ಜಾಗದಲ್ಲಿದ್ದರೆ ಮಾತ್ರ ನನಗೆ ಕಣ್ಣು ಹತ್ತುತ್ತದೆ. ಈ ಸದ್ದು ಆ ಪಟ್ಟಿಯದಲ್ಲ. ಹಾಗೆಂದು ಗೊತ್ತಿಲ್ಲದ್ದೂ ಅಲ್ಲ. ಆ ವಾರವೆಲ್ಲ ಹಗಲು ಹೊತ್ತು ಕೇಳಿ ಕೇಳಿ ಪರಿಚಯವಾಗಿದ್ದ ಸದ್ದು: ನಡುಮನೆಯಲ್ಲಿದ್ದ ಹಳೆಯ ವಿಡಿಯೋ ಪ್ಲೇಯರ್ ಕ್ಯಾಸೆಟ್ಟನ್ನು ಬಾಯೊಳಗೆ ಎಳೆದುಕೊಂಡು ಕಚ್ಚಿ ಹಿಡಿಯುವ ಸದ್ದು.

ಗಂಡನ ಗೊರಕೆ ನಿಂತಿರಲಿಲ್ಲ. ಅಂದರೆ ಅವರಲ್ಲ.

ಸ್ವಲ್ಪ ಹೊತ್ತು ಹಾಗೇ ಮಲಗಿದ್ದೆ. ನೊಣ ಸಿಕ್ಕಿಹಾಕಿಕೊಂಡ ಹಾಗೆ ಸಣ್ಣಗೆ ಏನೋ ತಿರುಗುತ್ತಿತ್ತು. ಎದ್ದೆ. ಯಾರಾದರೂ ಕೇಳಿದರೆ ಗ್ಯಾಸ್ ನೋಡಲು ಬಂದೆ ಎನ್ನಬಹುದು. ನಾನು ಗ್ಯಾಸ್ ನೋಡಲು ಏಳುವುದು ಈ ಮನೆಯಲ್ಲಿ ಯಾರಿಗೂ ಹೊಸದಲ್ಲ. ನಡುಮನೆಗೆ ಬರುವಷ್ಟರಲ್ಲಿ ಟೀವಿ ಆರಿತ್ತು, ಅತ್ತೆಯ ಕೋಣೆಯ ಬಾಗಿಲು ಮುಚ್ಚಿತ್ತು, ಎಲ್ಲ ಕತ್ತಲೆ. ಪ್ಲೇಯರಿನ ಬೆನ್ನ ಮೇಲೆ ಅಂಗೈ ಇಟ್ಟೆ.

ಬೆಚ್ಚಗಿತ್ತು.

ಆ ಪ್ಲೇಯರ್ ನಮ್ಮದಲ್ಲ; ನಮ್ಮದು ಕೆಟ್ಟು ಗುಜರಿಗೆ ಹೋಗಿ ಎಷ್ಟೋ ವರ್ಷವಾಗಿತ್ತು. ನಾದಿನಿಯ ಮಗನಿಗೆ ಮದುವೆ ಗೊತ್ತಾಗಿತ್ತು. ಮದುವೆಯ ಸಂಜೆ ದೊಡ್ಡ ಪರದೆಯ ಮೇಲೆ ಮನೆಯ ಹಳೆಯ ವಿಡಿಯೋಗಳನ್ನೆಲ್ಲ ತೋರಿಸಬೇಕು, ಅದಕ್ಕೆ ಕ್ಯಾಸೆಟ್ಟುಗಳನ್ನು ಡಿಸ್ಕಿಗೆ ಇಳಿಸಬೇಕು ಎಂಬುದು ಅವಳ ಆಸೆ. ಕ್ಯಾಸೆಟ್ಟುಗಳಿದ್ದದ್ದು ನಮ್ಮ ಮನೆಯ ಅಟ್ಟದಲ್ಲಿ, ಒಂದು ರಟ್ಟಿನ ಪೆಟ್ಟಿಗೆಯಲ್ಲಿ. ನನ್ನ ಗಂಡ ಪೆಟ್ಟಿಗೆ ಹೊತ್ತುಕೊಂಡು ಸ್ಟುಡಿಯೋಗೆ ಹೋದರು, ಹೊತ್ತುಕೊಂಡೇ ವಾಪಸು ಬಂದರು.

"ಒಂದೊಂದು ಕ್ಯಾಸೆಟ್ಟಿಗೆ ಅವನು ಹೇಳೋ ರೇಟು ಕೇಳಿದ್ರೆ, ಮದುವೇನೇ ಇನ್ನೊಂದು ಸಲ ಮಾಡಬಹುದು ಕಣೇ," ಎಂದರು.

ಮರುದಿನ ಅವರ ಸಹೋದ್ಯೋಗಿಯ ಮನೆಯಲ್ಲಿ ಧೂಳು ತಿನ್ನುತ್ತಿದ್ದ ಪ್ಲೇಯರ್ ಬಂತು. ಅದನ್ನು ನಮ್ಮ ಹಳೆಯ ಕಂಪ್ಯೂಟರಿಗೆ ಜೋಡಿಸುವ ಒಂದು ವೈರು, ಅದರ ನಡುವೆ ಬೆಂಕಿಪೊಟ್ಟಣದಷ್ಟು ಒಂದು ಡಬ್ಬಿ, ಎಲ್ಲ ಸೆಕೆಂಡ್ ಹ್ಯಾಂಡ್. ಖಾಲಿ ಡಿಸ್ಕುಗಳದ್ದೊಂದು ಗೋಪುರ, ಅದು ಮಾತ್ರ ಹೊಸದು. ಕೂತು ಕಾಯುವ ಕೆಲಸ ನನ್ನದು. ನಾನು ಒಂದು ಮುದ್ರಣಾಲಯಕ್ಕೆ ಶಾಲಾ ಪುಸ್ತಕಗಳ ಕರಡು ತಿದ್ದಿಕೊಡುವವಳು. ಮನೆಯಲ್ಲೇ ಇರುತ್ತೇನೆ, ಆದ್ದರಿಂದ ಮನೆಯವರ ಲೆಕ್ಕದಲ್ಲಿ ಸುಮ್ಮನೇ ಇರುತ್ತೇನೆ.

ಈ ಕೆಲಸದಲ್ಲಿ ಅವಸರ ನಡೆಯುವುದಿಲ್ಲ. ಮೂರು ಗಂಟೆಯ ಕ್ಯಾಸೆಟ್ ಇಳಿಯಲು ಮೂರು ಗಂಟೆಯೇ ಬೇಕು. ಅಂದು ಎಷ್ಟು ಹೊತ್ತು ನಡೆದಿತ್ತೋ ಇಂದೂ ಅಷ್ಟೇ ಹೊತ್ತು ನಡೆಯುತ್ತದೆ. ಆದರೆ ಡಿಸ್ಕಿನಲ್ಲಿ ಅಷ್ಟು ಹಿಡಿಸುವುದಿಲ್ಲ. ಅದಕ್ಕೆ ಗಂಡ ಒಂದು ಕಾನೂನು ಮಾಡಿದ್ದರು: ಒಂದು ಕ್ಯಾಸೆಟ್ಟಿಗೆ ಒಂದೇ ಡಿಸ್ಕ್, ವೇಸ್ಟೆಲ್ಲ ಕತ್ತರಿಸಬೇಕು. ವೇಸ್ಟ್ ಬೇಕಾದಷ್ಟಿತ್ತು. ವಿಡಿಯೋ ತೆಗೆದದ್ದು ನಾದಿನಿಯ ಗಂಡ. ಮಕ್ಕಳೆಲ್ಲ ಅವರನ್ನು ಕರೆಯುತ್ತಿದ್ದದ್ದು ಕ್ಯಾಮೆರಾ ಮಾಮ ಎಂದು. ಹೆಗಲ ಮೇಲೆ ಹೊರುವ ದೊಡ್ಡ ಕ್ಯಾಮೆರಾ ಕೊಂಡಿದ್ದರು, ಆರಿಸುವ ಗುಂಡಿ ಎಲ್ಲಿದೆ ಎಂಬುದನ್ನು ಮಾತ್ರ ಕೊನೆಯವರೆಗೂ ಕಲಿಯಲಿಲ್ಲ. ಹೀಗಾಗಿ ನಮ್ಮ ವಂಶದ ಸಂತೋಷದ ದಿನಗಳ ಮಧ್ಯೆ ಮಧ್ಯೆ ಬೇಕಾದಷ್ಟು ಚಪ್ಪಲಿ, ಆಕಾಶ, ಮೊಣಕಾಲು.

ಬೆಳಿಗ್ಗೆ ಗಂಡನನ್ನು ಕೇಳಿದೆ. "ರೀ, ರಾತ್ರಿ ಯಾರೋ ಪ್ಲೇಯರ್ ಹಾಕಿದ್ರು."

"ಇಲಿ ಇರಬೇಕು."

"ಇಲಿ ಕ್ಯಾಸೆಟ್ ಹಾಕುತ್ತಾ?"

"ನಮ್ಮನೆ ಇಲಿ ಅಲ್ವಾ, ಮಿತವ್ಯಯ ಗೊತ್ತು. ಸಿನಿಮಾ ಟಿಕೆಟ್ ಉಳಿಸಿರುತ್ತೆ." ಬೂಟಿನ ಲೇಸು ಕಟ್ಟುತ್ತಾ ನನ್ನ ಮುಖ ನೋಡಿದರು. "ಮತ್ತೆ ಶುರು ಮಾಡ್ಕೋಬೇಡ ನೀನು."

ಅತ್ತೆ ಊಟದ ಮೇಜಿನ ಬಳಿ ಬೀನ್ಸ್ ನಾರು ತೆಗೆಯುತ್ತಿದ್ದರು. ತಲೆ ಎತ್ತಲಿಲ್ಲ. ಟೀವಿ ಹಾಕುವುದಕ್ಕೂ "ಈ ರಿಮೋಟು ಗಿಮೋಟು ನಂಗೆ ಬರಲ್ಲಮ್ಮ, ಬಾ ಇಲ್ಲಿ" ಎಂದು ಕರೆಯುವವರು. ಅವರ ಮೇಲೆ ನನಗೆ ಅನುಮಾನ ಬರಲಿಲ್ಲ. ಅಂದು ಇನ್ನೂ ಬಂದಿರಲಿಲ್ಲ.

ಇಲ್ಲಿ ಇಸ್ತ್ರಿ ಪೆಟ್ಟಿಗೆಯ ವಿಷಯ ಹೇಳಬೇಕು. ಅದನ್ನು ಬಿಟ್ಟರೆ ನನ್ನ ಕಳವಳಕ್ಕೆ ತಲೆಬುಡ ಇರುವುದಿಲ್ಲ.

ಮಾವ ಕೆಲಸದಿಂದ ನಿವೃತ್ತರಾದ ದಿನ ಮನೆ ತುಂಬ ಜನ. ನಾನು ಮದುವೆಯಾಗಿ ಬಂದು ವರ್ಷ ತುಂಬಿರಲಿಲ್ಲ. ಒಳಕೋಣೆಯ ನೆಲದ ಮೇಲೆ ಕಂಬಳಿ ಮಡಿಸಿ ಹಾಸಿ ಎಲ್ಲರ ಬಟ್ಟೆಗೂ ಇಸ್ತ್ರಿ ಮಾಡಿಕೊಟ್ಟವಳು ನಾನೇ. ಸಂಜೆ ಎಲ್ಲರೂ ಅಂಗಳದಲ್ಲಿ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡ ಹೊತ್ತಿಗೆ, ಆಗಷ್ಟೇ ನಡೆಯಲು ಕಲಿತಿದ್ದ ನಾದಿನಿಯ ಮಗ ಯಾರ ಕಾಲ ಸಂದಿಯಿಂದಲೋ ನುಸುಳಿ ಒಳಗೆ ಹೋದ. ಕಾದ ಪೆಟ್ಟಿಗೆಯ ಮೇಲೆ ಅಂಗೈ ಊರಿಬಿಟ್ಟ. ಗುಂಡ ಎಂದು ಕರೆಯುತ್ತಿದ್ದೆವು. ಈಗ ಬಿದಿರುಗಳುವಿನ ಹಾಗೆ ಬೆಳೆದಿದ್ದಾನೆ, ಹೆಸರು ಮಾತ್ರ ಹಾಗೇ ಉಳಿದಿದೆ. ಬಲಗೈಯ ಎರಡು ಬೆರಳು ಇಂದಿಗೂ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ.

"ಪ್ಲಗ್ ಕಿತ್ತಿದ್ಯಾ?" ಎಂದು ಎಲ್ಲರೂ ನನ್ನನ್ನೇ ಕೇಳಿದರು. ಕಿತ್ತಿದ್ದೆ ಎಂದೆ. ಎರಡನೇ ಸಲ ಕೇಳಿದಾಗ, ಕಿತ್ತಿದ್ದೆ ಅನ್ನಿಸುತ್ತೆ ಎಂದೆ. ಆ ಮಾತು ನನ್ನ ಕೊರಳಿಗೆ ಬಿತ್ತು.

ಯಾರೂ ಬೈಯಲಿಲ್ಲ. ಬೈದಿದ್ದರೆ ಒಂದು ದಿನದಲ್ಲಿ ಮುಗಿಯುತ್ತಿತ್ತು. ಅದು ನಿಧಾನವಾಗಿ ತಮಾಷೆಯಾಯಿತು. ಎಲ್ಲರೂ ಸೇರಿ ಎಲ್ಲಿಗಾದರೂ ಹೊರಟಾಗ, ಚಪ್ಪಲಿ ಮೆಟ್ಟಿ ಬಾಗಿಲು ದಾಟುವ ಹೊತ್ತಿಗೆ ನಾದಿನಿ ಕೇಳುತ್ತಾಳೆ: "ಅತ್ತಿಗೆ, ಇಸ್ತ್ರಿ ಆರಿಸಿದ್ರಾ?" ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ. ನಕ್ಕು, ಒಳಗೆ ಹೋಗಿ ನೋಡಿಕೊಂಡು ಬರುತ್ತೇನೆ. ಅವಳ ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆಯೇ ಇಲ್ಲ. ಒಂದು ಕರವಸ್ತ್ರವನ್ನೂ ಹೊರಗೆ ಕೊಟ್ಟು ಮಾಡಿಸುತ್ತಾಳೆ. "ನಮ್ಮನೇಲಿ ಆ ವಸ್ತೂನೇ ಇಟ್ಟಿಲ್ಲಪ್ಪ," ಎಂದು ನಾಲ್ಕು ಜನರೆದುರು ಅವಳು ಹೇಳಿದಾಗಲೆಲ್ಲ ಅದು ನನಗೆ ಹೊಡೆದ ಏಟು ಎಂದೇ ತಿಳಿದಿದ್ದೆ.

ಕಿತ್ತಿದ್ದೆನೋ ಇಲ್ಲವೋ. ಇಷ್ಟು ವರ್ಷ ನನಗೆ ಬೇಕಾಗಿದ್ದದ್ದು ಅದೊಂದೇ. ಬೇರೆಯವರ ಬಾಯಿ ಮುಚ್ಚಿಸಲು ಅಲ್ಲ. ನನ್ನ ಕೈಯನ್ನು ನಾನು ನಂಬಬಹುದೇ ಎಂದು ತಿಳಿಯಲು.

ಪ್ಲೇಯರ್ ಬೆಚ್ಚಗಿದ್ದ ಮರುದಿನವೇ ನಾದಿನಿಯ ಫೋನು ಬಂತು.

"ಅತ್ತಿಗೆ, ಎಲ್ಲೀವರೆಗೆ ಬಂತು?"

"ನಮ್ಮ ಮದುವೆಯ ಊಟದ ಪಂಕ್ತಿಯಲ್ಲಿದೀನಿ. ಇನ್ನೂ ಅರ್ಧ ಜನ ಉಂಡಿಲ್ಲ."

ನಕ್ಕಳು. "ಅಪ್ಪನ ನಿವೃತ್ತಿ ಕ್ಯಾಸೆಟ್ ಆಯ್ತಾ?"

"ಇಲ್ಲ."

"ಅದರಲ್ಲಿ ಮೊದಲರ್ಧ ಸಾಕು. ಕೊನೆಯಲ್ಲಿ ಬರೀ ಗೋಡೆ. ನಮ್ಮೆಜಮಾನ್ರು ಕುರ್ಚಿ ಜೋಡಿಸೋಕೆ ಅಂತ ಕ್ಯಾಮೆರಾನ ಒಳಕೋಣೆ ಮೇಜಿನ ಮೇಲಿಟ್ಟು ಹೋದೋರು ಆರಿಸೋದೇ ಮರೆತ್ರಂತೆ. ಸುಮ್ನೆ ಯಾಕೆ ಡಿಸ್ಕ್ ದಂಡ?"

"ನೀನು ನೋಡಿದೀಯಾ?"

"ನಾನ್ಯಾಕೆ ನೋಡ್ಲಿ? ಆ ದಿನ ನೋಡೋಕೆ ನಂಗಿಷ್ಟ ಇಲ್ಲ. ಅಮ್ಮ ಹೇಳಿದ್ಳು."

ಫೋನಿಟ್ಟ ಮೇಲೆ ಅಲ್ಲೇ ನಿಂತಿದ್ದೆ. ಒಳಕೋಣೆ ಎಂದಳು. ಫೋಟೋಗೆ ಕುರ್ಚಿ ಜೋಡಿಸುವ ಹೊತ್ತು ಎಂದಳು. ಕರಡು ತಿದ್ದುವವಳಿಗೆ ಒಂದು ಸಾಲಿನಲ್ಲಿ ಏನೋ ಎಡವಿದ ಹಾಗಾದರೆ ಆ ಸಾಲನ್ನು ದಾಟಿ ಮುಂದೆ ಹೋಗಲಾಗುವುದಿಲ್ಲ. ನಾನು ಇಸ್ತ್ರಿ ಮುಗಿಸಿದ್ದು ಅದೇ ಕೋಣೆಯಲ್ಲಿ, ಅದೇ ಹೊತ್ತಿನಲ್ಲಿ.

ರಟ್ಟಿನ ಪೆಟ್ಟಿಗೆ ತೆರೆದೆ. ನಿವೃತ್ತಿಯ ಕ್ಯಾಸೆಟ್ ಇರಲಿಲ್ಲ.

ಅಂದಿನಿಂದ ಮನೆಯಲ್ಲಿ ಎಲ್ಲರೂ ಒಬ್ಬೊಬ್ಬರಾಗಿ ನನ್ನ ಕಣ್ಣಿಗೆ ಕಳ್ಳರಾದರು. ಗಂಡ "ವೇಸ್ಟ್ ಕತ್ತರಿಸು" ಎಂದು ಅಷ್ಟು ಒತ್ತಿ ಹೇಳಿದ್ದು ಡಿಸ್ಕ್ ಉಳಿಸಲೋ, ಇನ್ನೇನನ್ನಾದರೂ ಉಳಿಸಲೋ? ನಾದಿನಿ ನೋಡದ ಕ್ಯಾಸೆಟ್ಟಿನ ಕೊನೆ ಹೇಗಿದೆ ಎಂದು ಅವಳಿಗೇಕೆ ಅಷ್ಟು ಕಾಳಜಿ? ಕ್ಯಾಸೆಟ್ ಎಲ್ಲಿ ಎಂದು ಗಂಡನನ್ನು ಕೇಳಿದರೆ "ಅಲ್ಲೇ ಇರುತ್ತೆ, ಸರಿಯಾಗಿ ನೋಡು" ಎಂದರು. ಅತ್ತೆಯನ್ನು ಕೇಳಿದರೆ "ನಂಗೇನು ಗೊತ್ತಮ್ಮ, ಎಲ್ಲಾ ಒಂದೇ ಥರ ಕಪ್ಪಗಿವೆ" ಎಂದರು. ಸಂಜೆ ಪೆಟ್ಟಿಗೆ ನೋಡಿದರೆ ಕ್ಯಾಸೆಟ್ ಇತ್ತು! ಎಲ್ಲಕ್ಕಿಂತ ಕೆಳಗೆ, ನಾನು ಆಗಲೇ ತಡಕಿದ್ದ ಜಾಗದಲ್ಲಿ.

ತೆಗೆದು ತಿರುಗಿಸಿ ನೋಡಿದೆ. ಕ್ಯಾಸೆಟ್ಟಿನ ಬೆನ್ನಿನಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಹಲ್ಲು ಇರುತ್ತದೆ. ಅದನ್ನು ಮುರಿದುಬಿಟ್ಟರೆ ಅದರ ಮೇಲೆ ಮತ್ತೆ ರೆಕಾರ್ಡ್ ಮಾಡಲಾಗುವುದಿಲ್ಲ, ಒಳಗಿರುವುದು ಅಳಿಯುವುದಿಲ್ಲ. ಯಾರಾದರೂ ಅಳಿಸುವ ಮೊದಲು ನಾನೇ ಮುರಿಯೋಣವೆಂದು ಸ್ಕ್ರೂಡ್ರೈವರ್ ತಂದಿದ್ದೆ. ಮುರಿಯುವ ಅಗತ್ಯ ಬೀಳಲಿಲ್ಲ. ಪೆಟ್ಟಿಗೆಯ ಉಳಿದ ಕ್ಯಾಸೆಟ್ಟುಗಳಿಗೆಲ್ಲ ಹಲ್ಲಿತ್ತು. ಇದೊಂದು ಬೊಚ್ಚು. ಯಾರೋ ಎಂದೋ ಮುರಿದಿದ್ದರು, ಬಿಳಿಚಿದ ಅಂಚು ಹಳೆಯದು. ಅಳಿಸಬೇಕೆಂದಿರುವವರು ಹೀಗೆ ಮಾಡುವುದಿಲ್ಲವಲ್ಲ. ನನ್ನ ಅನುಮಾನ ಮೊದಲ ಬಾರಿಗೆ ತಬ್ಬಿಬ್ಬಾಯಿತು.

ಮರುದಿನ ಮುದ್ರಣಾಲಯಕ್ಕೆ ಕರಡು ಕೊಡಲು ಹೋಗಿದ್ದೆ. ಮಾತಾಡಬೇಕಾದವರು ಸಿಗಲಿಲ್ಲ, ಬೇಗ ಹಿಂತಿರುಗಿದೆ. ನಮ್ಮ ಮನೆಯ ನಡುಮನೆಯ ಕಿಟಕಿ ಬೀದಿಯ ಕಡೆಗಿದೆ. ಗೇಟಿನ ಬಳಿ ಬಂದಾಗ ಪರದೆಯ ಸಂದಿಯಿಂದ ಟೀವಿಯ ಬೆಳಕು ಕಂಡಿತು. ಗೇಟಿನ ಚಿಲಕ ಕೈಯಲ್ಲಿ ಹಿಡಿದು ಹಾಗೇ ನಿಂತೆ.

ಅತ್ತೆ ಟೀವಿಯ ಮುಂದಿದ್ದರು. ಕೈಯಲ್ಲಿ ರಿಮೋಟು. ಅವರಿಗೆ ಬಾರದ ರಿಮೋಟು. ಹೆಬ್ಬೆರಳು ಬೇಕಾದ ಗುಂಡಿಯ ಮೇಲೆ ಕಣ್ಣು ಮುಚ್ಚಿಕೊಂಡು ಹೋಗುತ್ತಿತ್ತು. ಹಿಂದಕ್ಕೆ, ನಿಲ್ಲಿಸು, ಮುಂದಕ್ಕೆ. ಆದರೆ ಅವರು ಪರದೆ ನೋಡುತ್ತಿರಲಿಲ್ಲ. ಕುರ್ಚಿಯನ್ನು ಟೀವಿಯ ಮಗ್ಗುಲಿಗೆ ಎಳೆದುಕೊಂಡು, ಕಿವಿಯನ್ನು ಅದರ ಪಕ್ಕೆಗೆ ಒತ್ತಿ, ಕೊಳಾಯಿಯಲ್ಲಿ ನೀರು ಬಂತೇ ಎಂದು ಕೇಳುವವರ ಹಾಗೆ ಕೂತಿದ್ದರು.

ಗೇಟು ಕಿರ್ರೆಂದಿತು. ಒಳಗೆ ಟಕ್ ಎಂದಿತು. ನಾನು ಬಾಗಿಲು ತೆರೆಯುವಷ್ಟರಲ್ಲಿ ಅತ್ತೆಯ ಕೈಯಲ್ಲಿ ಒರೆಸುವ ಬಟ್ಟೆ.

"ಎಷ್ಟು ಧೂಳು ಕೂರುತ್ತಪ್ಪ ಇದರ ಮೇಲೆ," ಎಂದರು.

"ಹೌದತ್ತೆ," ಎಂದೆ. "ಬಿಸಿ ಬಿಸಿ ಧೂಳು."

ನನ್ನನ್ನು ಒಂದು ಕ್ಷಣ ದಿಟ್ಟಿಸಿ ನೋಡಿದರು. ಕೋಣೆಗೆ ಹೋಗಿ ಮಲಗಿದರು. ಬಾಗಿಲು ಮುಚ್ಚಿದ ಸದ್ದು ಕೇಳಿದ ಮೇಲೆ ನಾನು ಕ್ಯಾಸೆಟ್ ಒಳಗೆ ತಳ್ಳಿದೆ. ಮುಂಬಾಗಿಲಿಗೆ ಚಿಲಕ ಹಾಕಿದೆ, ಹಾಕಿದೆನೇ ಎಂದು ಇನ್ನೊಮ್ಮೆ ನೋಡಿ ಬಂದೆ.

ಮೊದಲು ಭಾಷಣ. ಕಚೇರಿಯವರು ಮಾವನಿಗೆ ಕೊಟ್ಟ ಗೋಡೆ ಗಡಿಯಾರ, ಅದನ್ನು ಕೂಸಿನ ಹಾಗೆ ಎತ್ತಿಕೊಂಡು ನಿಂತ ಮಾವ. ಕ್ಯಾಮೆರಾ ಕಂಡರೆ ಅವರ ಬಾಯಿಗೆ ಬೀಗ ಬೀಳುತ್ತಿತ್ತು; ಯಾವ ಕ್ಯಾಸೆಟ್ಟಿನಲ್ಲೂ ಅವರ ಒಂದು ಮಾತಿಲ್ಲ. ಆಮೇಲೆ ಚಿತ್ರ ತೂರಾಡಿತು. ಸೂರು, ನೆಲ, ಮತ್ತೆ ಸೂರು. ಧಡ್ ಎಂದು ಮೇಜಿನ ಮೇಲೆ ಕೂತಿತು. ಓರೆಯಾಗಿ, ಅಲುಗಾಡದೆ.

ಗೋಡೆ. ಆದರೆ ಬರೀ ಗೋಡೆಯಲ್ಲ, ಗೋಡೆಯ ಬುಡವೂ. ಪ್ಲಗ್ಗಿನ ಹಲಗೆ, ಕಂಬಳಿಯ ಒಂದು ಮೂಲೆ, ಮಂಚದ ಕಾಲು. ಕಂಬಳಿಯ ಮೇಲೆ ಇಸ್ತ್ರಿ ಪೆಟ್ಟಿಗೆಯ ಮೂತಿ.

ಒಂದು ಕೈ ಬಂತು. ಸಣ್ಣ ಗಡಿಯಾರ ಕಟ್ಟಿದ ತೆಳ್ಳನೆಯ ಕೈ. ನನ್ನದೇ. ಮಡಿಸಿದ ಅಂಗಿಯನ್ನು ಪಕ್ಕಕ್ಕಿಟ್ಟಿತು, ಅದರ ಕಾಲರ್ ನೇವರಿಸಿತು. ಬೇಡದ ಕೆಲಸವನ್ನೆಲ್ಲ ನಿಧಾನವಾಗಿ ಮಾಡಿತು. ಆಮೇಲೆ ಗೋಡೆಯ ಕಡೆ ಹೋಯಿತು.

ಕೀಳು, ಎಂದೆ ನಾನು. ಕುರ್ಚಿಯ ತುದಿಯಲ್ಲಿ ಕೂತು, ಜೋರಾಗಿಯೇ. ಕೀಳು.

ಸ್ವಿಚ್ ಆರಿಸಿತು. ಪ್ಲಗ್ ಕಿತ್ತಿತು. ವೈರನ್ನು ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಪೆಟ್ಟಿಗೆಯನ್ನು ಎತ್ತಿ ಮೇಲಕ್ಕೆ, ಕಿಟಕಿಯ ಕಟ್ಟೆಯ ಕಡೆಗೆ ಒಯ್ದಿತು. ಚಿತ್ರದಲ್ಲಿ ಖಾಲಿ ಕಂಬಳಿ ಉಳಿಯಿತು.

ಹಿಂದಕ್ಕೆ ತಿರುಗಿಸಿ ಮತ್ತೆ ನೋಡಿದೆ. ಮತ್ತೆ. ಯಾವ ಸಲವೂ ಆ ಕೈ ನನಗೆ ಮೋಸ ಮಾಡಲಿಲ್ಲ. ಅಳು ಬರಬೇಕಿತ್ತು. ಬಂದದ್ದು ಹಸಿವು, ಅಡುಗೆಮನೆಗೆ ಹೋಗಿ ನಿಂತುಕೊಂಡೇ ಒಂದು ಬಾಳೆಹಣ್ಣು ತಿಂದು ಬಂದು ಕೂತೆ.

ಕ್ಯಾಸೆಟ್ ಓಡುತ್ತಲೇ ಇತ್ತು. ಮಂಚ ಕಿರುಗುಟ್ಟಿತು. ಬೂಟು ಕಳಚಿದ ಗಂಡಸಿನ ಎರಡು ಪಾದ, ಅದರೆದುರು ಹೆಂಗಸಿನ ಎರಡು ಪಾದ.

"ಸಾಕಾಯ್ತು ಕಣೇ. ನಗ್ತಾ ನಿಂತು ದವಡೆ ನೋವು ಬಂತು." ಮಾವ. ಎಷ್ಟೋ ವರ್ಷದ ಮೇಲೆ ಆ ಧ್ವನಿ.

"ಕಾಲ್ಚೀಲ ಬಿಚ್ಬೇಡಿ. ಇನ್ನೊಂದು ಫೋಟೋ ಇದೆಯಂತೆ."

"ನಾಳೆಯಿಂದ ಕಾಲ್ಚೀಲಾನೇ ಇಲ್ಲ ನೋಡು. ದಿನವಿಡೀ ನಿನ್ನ ಹಿಂದೇನೇ. ಹಾಲು ಉಕ್ಕಿತಾ, ಬೀಗ ಹಾಕಿದ್ಯಾ ಅಂತ."

"ಅಯ್ಯೋ, ಇನ್ನೊಂದು ವರ್ಷ ನೀವೇ ಇಟ್ಕೊಳ್ಳಿ ಅಂತ ನಿಮ್ಮ ಕಚೇರಿಯವರ ಕಾಲಿಗೆ ಬೀಳ್ತೀನಿ."

ಅವರು ನಕ್ಕರು. ಆಮೇಲೆ ತೀರ ತಗ್ಗಿದ ದನಿ. ಕೇಳಿಸಿಕೊಳ್ಳಲು ನಾನೂ ಟೀವಿಗೆ ಕಿವಿ ಹಚ್ಚಬೇಕಾಯಿತು. "ಇಷ್ಟು ವರ್ಷ ಎಲ್ಲಾನೂ ನಡೆಸಿದ್ದು ನೀನು. ಗಡಿಯಾರ ಕೊಟ್ಟಿದ್ದು ನಂಗೆ."

ಹೆಂಗಸಿನ ಪಾದಗಳು ಅಲುಗಾಡಲಿಲ್ಲ. "ಏಳಿ," ಎಂದರು ಅತ್ತೆ ಕೊನೆಗೆ. "ಕರೀತಿದಾರೆ."

ಅದಾಗಿ ಎರಡು ತಿಂಗಳಿಗೆ ಮಾವ ಹೋಗಿಬಿಟ್ಟರು. ಹಿಂದೆ ಹಿಂದೆ ಸುತ್ತುವ ದಿನಗಳು ಬರಲೇ ಇಲ್ಲ. ಅತ್ತೆ ಕದ್ದು ಕೇಳುತ್ತಿದ್ದದ್ದು ಏನೆಂದು ಅರ್ಥವಾಯಿತು. ನಾನು ಎಂಥ ಪತ್ತೇದಾರಿ ಎಂದು ನನ್ನ ಮೇಲೇ ನಾಚಿಕೆಯಾಗಿ, ನಿಲ್ಲಿಸಲು ಕೈ ಚಾಚಿದೆ. ಆಗ ನಾದಿನಿಯ ಧ್ವನಿ ಬಂತು.

"ಕುಣೀಬೇಡ್ವೋ ಗುಂಡ. ನೋಡು ಅಂಗಿ ಹೇಗೆ ಮುದ್ದೆ ಮಾಡ್ಕೊಂಡಿದೀಯ. ಫೋಟೋದಲ್ಲಿ ಭಿಕ್ಷುಕನ ಹಾಗೆ ಬರ್ತೀಯ ಅಷ್ಟೆ."

ಮೇಲಿನಿಂದ ಪೆಟ್ಟಿಗೆ ಇಳಿಯಿತು. ಪ್ಲಗ್ ಒಳಗೆ ಹೋಯಿತು. ಪೆಟ್ಟಿಗೆಯ ಕೆಂಪು ದೀಪ ಹತ್ತಿಕೊಂಡಿತು. ಅಂಗೈಯಗಲದ ಒಂದು ಅಂಗಿಯ ಮೇಲೆ ಅವಳ ಕೈ ಸರಸರ ಓಡಾಡಿತು. ಹೊರಗಿನಿಂದ ಯಾರೋ ಕೂಗಿದರು, ಬೇಗ ಬನ್ನಿ, ಬಿಸಿಲು ಹೋಗುತ್ತೆ ಎಂದು. "ಬಂದೆ, ಬಂದೆ," ಎಂದಳು. ಅಂಗಿ ಹೋಯಿತು, ಕೈ ಹೋಯಿತು, ದೊಡ್ಡ ಪಾದ ಪುಟ್ಟ ಪಾದ ಎಲ್ಲ ಹೋದವು. ಪೆಟ್ಟಿಗೆ ಕಂಬಳಿಯ ಮೇಲೆ ಉಳಿಯಿತು. ಕೆಂಪು ದೀಪ ಉರಿಯುತ್ತಲೇ ಇತ್ತು.

ಗೋಡೆ. ಕೆಂಪು ದೀಪ. ಅಂಗಳದಿಂದ ನಗು. ಅಲ್ಲಿ ನಾನೂ ಎಲ್ಲರ ಜೊತೆ ನಗುತ್ತಾ ನಿಂತಿದ್ದೆ. ಆಮೇಲೆ ಬರಿಗಾಲಿನ ಪುಟಪುಟ ಸದ್ದು.

ನಿಲ್ಲಿಸಿಬಿಟ್ಟೆ. ಆ ಕಿರುಚಾಟವನ್ನು ಒಮ್ಮೆ ಕೇಳಿದ್ದೇನೆ, ಸಾಕು.

"ನೋಡಿದ್ಯಾ?"

ಅತ್ತೆ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

"ನಿಮಗೆ ಗೊತ್ತಿತ್ತು," ಎಂದೆ.

"ಗೊತ್ತಿತ್ತು."

"ಇಷ್ಟು ವರ್ಷ."

"ಅವರು ಹೋದ ಮೇಲೆ ಒಂದಿನ ಇದನ್ನ ಹಾಕ್ಕೊಂಡು ಕೂತಿದ್ದೆ. ಅವರ ಮುಖ ನೋಡೋಣ ಅಂತ. ಅವರ ಮಾತೂ ಸಿಕ್ತು, ಇದೂ ಸಿಕ್ತು." ಬಂದು ಕುರ್ಚಿಯ ಬೆನ್ನು ಹಿಡಿದುಕೊಂಡರು. "ಅಳಿಸಿಬಿಡೋಣ ಅಂದ್ರೆ ಅವರೂ ಹೋಗ್ತಾರೆ. ಅದಕ್ಕೇ ಅದರ ಹಲ್ಲು ಮುರಿದಿಟ್ಟೆ. ಎಲ್ಲರಿಗೂ ಬರೀ ಗೋಡೆ ಅಂದೆ. ಒಬ್ರೂ ನೋಡ್ಲಿಲ್ಲ. ನಮ್ಮನೆ ಜನಕ್ಕೆ ಗೋಡೆ ನೋಡೋ ತಾಳ್ಮೆ ಎಲ್ಲಿದೆ?"

"ನನಗೊಂದು ಮಾತು ಹೇಳಬೇಕು ಅನ್ನಿಸಲಿಲ್ವಾ ಅತ್ತೆ?"

"ಅನ್ನಿಸ್ತು. ನಾಳೆ ಹೇಳೋಣ ಅಂದೆ. ಒಂದು ನಾಳೆ ತಪ್ಪಿಸಿದ ಮೇಲೆ ಆಮೇಲಿನದು ಇನ್ನೂ ಕಷ್ಟ."

"ನಾನು ರಾತ್ರಿ ಎದ್ದು ಎದ್ದು ಪ್ಲಗ್ ನೋಡ್ತೀನಿ. ನೀವು ಆ ಕೋಣೆಯಲ್ಲೇ ಮಲಗಿರ್ತೀರಿ. ನಿಮಗೆ ಕೇಳಿಸುತ್ತೆ."

"ಕೇಳಿಸುತ್ತೆ," ಎಂದರು. ಕ್ಷಮೆ ಕೇಳಲಿಲ್ಲ. ಕೇಳಿದ್ದರೆ ನಾನೇನು ಹೇಳುತ್ತಿದ್ದೆನೋ. "ಅವಳು ಆಗ ಹೇಗಿದ್ಲು ನೋಡಿದ್ದೆಯಲ್ಲ. ಆಸ್ಪತ್ರೆಯಲ್ಲಿ ಗೋಡೆಗೆ ತಲೆ ಚಚ್ಚಿಕೊಳ್ತಿದ್ಲು. ಅವಳಿಗೆ ತಪ್ಪು ಹೊರಿಸೋಕೆ ಒಬ್ರು ಬೇಕಿತ್ತು. ನೀನಿಲ್ದಿದ್ರೆ ತನ್ನನ್ನೇ ಬೈಕೊಂಡು ಮುಗಿಸ್ಕೊಳ್ತಿದ್ಲು."

"ಅವಳಿಗೆ ನೆನಪಿಲ್ವಾ?"

"ಇಲ್ಲ. ಸುತ್ತಿ ಬಳಸಿ ಕೇಳಿ ನೋಡಿದೀನಿ. ಅವಳ ತಲೇಲಿ ಅದು ಇಲ್ವೇ ಇಲ್ಲ."

ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡುತ್ತಾ ತೊಳೆದೆ. ಅಂದು ರಾತ್ರಿ ಅತ್ತೆಗೆ ಬಡಿಸಿದೆ, ಮಾತಾಡಲಿಲ್ಲ. "ಏನು, ಇಬ್ಬರೂ ಕರ್ಫ್ಯೂ ಹಾಕ್ಕೊಂಡಿದೀರಾ?" ಎಂದು ಗಂಡ ಕೇಳಿದರು. ಇಬ್ಬರೂ ಏನೂ ಇಲ್ಲ ಎಂದೆವು, ಒಟ್ಟಿಗೆ.

ಮುಂದಿನ ದಿನಗಳಲ್ಲಿ ನಾನು ಬಹಳ ಸಲ ಮಾತು ಜೋಡಿಸಿಕೊಂಡೆ. ಮದುವೆಯ ಸಂಜೆ ದೊಡ್ಡ ಪರದೆ. ಡಿಸ್ಕ್ ಹಾಕುವವಳು ನಾನೇ. ಎಲ್ಲರೂ ಊಟ ಮುಗಿಸಿ ಕೂತಿರುವಾಗ ಕೆಂಪು ದೀಪ ಉರಿಯುತ್ತಲೇ ಇರುವುದು. ನಾನೇನೂ ಬಾಯಿ ಬಿಡಬೇಕಾಗಿಲ್ಲ. ಇದನ್ನು ನಾನು ಯೋಚಿಸಿದ್ದು ನಿಜ. ಅದರಲ್ಲಿ ಒಂದು ಸುಖವಿತ್ತು.

ಭಾನುವಾರ ನಾದಿನಿ ಡಿಸ್ಕುಗಳನ್ನು ಒಯ್ಯಲು ಬಂದಳು. ಆಮಂತ್ರಣ ಪತ್ರದ ಬಣ್ಣ, ಬೀಗರ ಬಿಂಕ, ಛತ್ರದ ಪಾರ್ಕಿಂಗು, ಬಾಯಿಗೆ ಬಿಡುವಿರಲಿಲ್ಲ. ಗುಂಡನ ಬೆರಳಿಗೆ ಉಂಗುರ ಕೂರುತ್ತಿಲ್ಲವೆಂದು ಎಡಗೈಗೆ ಮಾಡಿಸಿದ್ದಾಗಿ ಹೇಳಿ, ಮಾತನ್ನು ಮತ್ತೆ ಛತ್ರದ ಕಡೆಗೆ ತಿರುಗಿಸಿದಳು. ಅತ್ತೆ ನನ್ನ ಮುಖ ನೋಡಲಿಲ್ಲ. ಸೋಫಾದ ಬಟ್ಟೆಯ ಎಳೆ ಕೀಳುತ್ತಿದ್ದರು.

ಡಿಸ್ಕುಗಳನ್ನು ಚೀಲಕ್ಕೆ ಹಾಕಿ ಬಾಗಿಲಿಗೆ ಹೊರಟೆವು. ಅವಳನ್ನು ಬಸ್ಸಿಗೆ ಬಿಡಲು ನಾನೂ ಚಪ್ಪಲಿ ಮೆಟ್ಟಿದೆ. ಹೊಸ್ತಿಲ ಮೇಲೆ ಅವಳು ತಿರುಗಿದಳು.

"ಅತ್ತಿಗೆ, ಇಸ್ತ್ರಿ ಆರಿಸಿದ್ರಾ?"

ಗಂಡ ನಕ್ಕರು. ಅತ್ತೆ ನಗಲಿಲ್ಲ. ನಾನು ಒಳಗೆ ಹೋಗಲಿಲ್ಲ.

"ಆರಿಸಿದೀನಿ," ಎಂದೆ. "ಪ್ಲಗ್ ಕಿತ್ತು, ಮೇಲೆ ಕಿಟಕಿ ಕಟ್ಟೆ ಮೇಲೆ ಇಟ್ಟಿದೀನಿ."

ಅವಳ ನಗು ಮುಖದ ಮೇಲೆ ಹಾಗೇ ನಿಂತಿತು, ಆರಿಸಲು ಮರೆತ ದೀಪದ ಹಾಗೆ. ಚೀಲ ಹಿಡಿದ ಬೆರಳುಗಳು ಬಿಗಿದವು. "ಏನೋಪ್ಪ, ತಮಾಷೆಗೆ ಕೇಳಿದೆ," ಎಂದು ಚಪ್ಪಲಿಯ ಕಡೆ ನೋಡಿದಳು. ಆ ಒಂದು ಗಳಿಗೆಯಲ್ಲಿ, ಅವಳು ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಇಟ್ಟುಕೊಳ್ಳದೇ ಇರುವುದು ನನಗೆ ಹೊಡೆಯಲು ಅಲ್ಲವೇನೋ ಅನ್ನಿಸಿತು. ನನ್ನ ಹಾಗೆ ಅವಳೂ ರಾತ್ರಿ ಎದ್ದು ಏನನ್ನೋ ಮುಟ್ಟಿ ನೋಡುತ್ತಾಳೇನೋ. ಪೆಟ್ಟಿಗೆಯೇ ಇಲ್ಲದ ಮನೆಯಲ್ಲಿ ಏನನ್ನು ಮುಟ್ಟುತ್ತಾಳೆ? ಗೊತ್ತಿಲ್ಲ. ಇದು ಬರೀ ಅನುಮಾನ. ನನ್ನ ಅನುಮಾನಗಳಿಗೆ ಎಷ್ಟು ಬೆಲೆ ಕೊಡಬೇಕೆಂದು ನನಗೇ ಗೊತ್ತಿದೆ.

ಅವಳ ಚೀಲದಲ್ಲಿದ್ದ ನಿವೃತ್ತಿಯ ಡಿಸ್ಕ್ ಗಡಿಯಾರ ಎತ್ತಿಕೊಂಡು ನಿಂತ ಮಾವನ ಮೇಲೆ ಮುಗಿಯುತ್ತದೆ. ಅಲ್ಲಿಗೇ ಕತ್ತರಿಸಿದ್ದೆ, ಶನಿವಾರವೇ. ಯಾಕೆ ಎಂದು ಸರಿಯಾಗಿ ಹೇಳಲಾರೆ. ದೊಡ್ಡ ಮನಸ್ಸಿನಿಂದಲ್ಲ. ಕ್ಯಾಸೆಟ್ಟನ್ನು ನಾನು ಗುಜರಿಗೆ ಹಾಕಿಲ್ಲ. ನನ್ನ ಹಳೆಯ ಕರಡುಗಳ ಹಿಂದೆ ಇಟ್ಟಿದ್ದೇನೆ. ಇನ್ನೊಬ್ಬರಿಗೆ ತೋರಿಸಲು ಅಲ್ಲ. ಯಾವತ್ತೋ ಒಂದು ದಿನ, ಆ ಕೈ ಪ್ಲಗ್ ಕಿತ್ತದ್ದನ್ನು ನಿಜವಾಗಿಯೂ ನೋಡಿದೆನೇ ಎಂದು ನನಗೇ ಅನುಮಾನ ಬರುತ್ತದೆ. ಬಂದೇ ಬರುತ್ತದೆ.

ಬಸ್ಸಿಗೆ ಬಿಟ್ಟು ಬಂದಾಗ ಗಂಡ ಉಳಿದ ಖಾಲಿ ಡಿಸ್ಕುಗಳ ಗೋಪುರ ಮುಂದಿಟ್ಟುಕೊಂಡು ಕೂತಿದ್ದರು.

"ಏನೇ ಇದು, ಒಂದು ಡಿಸ್ಕ್ ಕಡಿಮೆ ಬರ್ತಿದೆಯಲ್ಲ?"

ಅದು ಅತ್ತೆಯ ದಿಂಬಿನ ಕೆಳಗಿತ್ತು. ಅದರಲ್ಲಿ ಗೋಡೆ, ನನ್ನ ಕೈ, ಮಂಚದ ಪಕ್ಕ ನಾಲ್ಕು ಪಾದ, ಮಾವನ ನಗು. "ಏಳಿ, ಕರೀತಿದಾರೆ" ಎಂಬಲ್ಲಿಗೆ ಮುಗಿಯುತ್ತದೆ, ಆಮೇಲೆ ಏನೂ ಇಲ್ಲ. ಬೆಳಿಗ್ಗೆ ಕೊಟ್ಟಾಗ ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದಕ್ಕೆ ಬೇರೆ ರಿಮೋಟು ಬೇಕೇನೋ" ಎಂದಿದ್ದರು. ಕಲಿಸಿಕೊಡುತ್ತೇನೆ ಎಂದಿದ್ದೆ. ಅಷ್ಟೇ ಮಾತು. ಈಗ ಕೋಣೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

ಗಂಡನಿಗೆ ಹೇಳಬಹುದಿತ್ತು. ಅವರ ತಂಗಿ, ಅವರ ತಾಯಿ, ಅವರ ಹೆಂಡತಿ. ಒಂದು ವಾಕ್ಯ ಸಾಕಿತ್ತು. ಅದನ್ನು ಮನಸ್ಸಿನಲ್ಲೇ ಒಮ್ಮೆ ಓದಿಕೊಂಡೆ, ತಪ್ಪೇನೂ ಇರಲಿಲ್ಲ. ಆದರೂ ಅಡ್ಡಗೆರೆ ಎಳೆದೆ. ಇವರಿಗೂ ಇಲ್ಲ, ಅವಳಿಗೂ ಇಲ್ಲ, ಯಾರಿಗೂ ಇಲ್ಲ.

"ಹಾಳಾಯ್ತು," ಎಂದೆ. "ಎಸೆದುಬಿಟ್ಟೆ."